ಮಾತನ್ನೂ ಹಿಂಡಿ ಒಣಗಿಸಬೇಕು

ಮೊನ್ನೆ ಮೊಮ್ಮಗಳು ತನ್ನ ಹಳೇ ನೀಲಿ ಅಂಗಿಯನ್ನು ಎದೆಗವುಚಿಕೊಂಡು ಬಂದು, "ಅಜ್ಜಿ, ನಂಗೆ ಇದರ ಮೇಲಿರೋ ಪ್ರೀತಿಗೆ ಹೊಸ ಪದ ಮಾಡಿದೀನಿ, ವಸ್ತ್ರವ್ಯಾಮೋಹಾತಿರೇಕ" ಅಂದಳು. ನನಗೆ ರೇಗಿಹೋಯಿತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅಂಗಿಯೇ ಮಾಸಿರುತ್ತದೆ! ಅವಳ ಅಣ್ಣನದು ಇನ್ನೊಂದು ಬಗೆ, ಅಂಗಿಹಾಲಿಕ್ ಅಂತೆ. ಇಂಗ್ಲಿಷಿನ ಬಾಲ ತಂದು ಅಂಟಿಸಿದರೆ ಮುಗಿಯಿತು ಅಂದುಕೊಂಡಿದ್ದಾರೆ. ಎಲ್ಲ ಮಕ್ಕಳೂ ಹೀಗೇ ಮಾಡುತ್ತಿರುವುದನ್ನು ನೋಡಿ ನೋಡಿ ಸಾಕಾಗಿ, ಮೆಚ್ಚಿನ ಬಟ್ಟೆಯ ಮೇಲಿನ ಪ್ರೀತಿಗೆ ಪದ ಕಟ್ಟುವುದು ಹೇಗೆ ಅಂತ ಬರೆಯಲು ಕೂತಿದ್ದೇನೆ.

ಮೊದಲು ಬಟ್ಟೆಯನ್ನು ಕೈಗೆ ತೆಗೆದುಕೊಳ್ಳಿ. ಬೀರುವಿನಲ್ಲಿಟ್ಟು ಯೋಚಿಸಿದರೆ ಪದ ಬರುವುದಿಲ್ಲ. ಕಾಲರು ಎಲ್ಲಿ ಸವೆದಿದೆ, ಯಾವ ಗುಂಡಿ ಬೇರೆ ಬಣ್ಣದ್ದು, ಮೊಣಕೈ ಹತ್ತಿರ ಎಷ್ಟು ತೆಳ್ಳಗಾಗಿದೆ ಅಂತ ಬೆರಳಾಡಿಸಿ ನೋಡಿ. ಪ್ರೀತಿ, ಮೋಹ, ಮಮತೆ ಇವನ್ನೆಲ್ಲ ಪಕ್ಕಕ್ಕಿಡಿ. ಅವು ಯಾವುದಕ್ಕೂ ಹೊಂದುತ್ತವೆ, ಹಾಗಾಗಿ ಯಾವ ಅಂಗಿಯನ್ನೂ ಹೇಳುವುದಿಲ್ಲ. ಆ ಬಟ್ಟೆಗಾಗಿ ನೀವು ಏನು ಮಾಡುತ್ತೀರಿ ಅನ್ನುವುದನ್ನು ಹಿಡಿಯಿರಿ. ನಮ್ಮ ಮನೆಯವರು ಒಂದು ಬೂದು ಸ್ವೆಟರನ್ನು ಒಗೆಯುವ ದಿನ ಬಂತೆಂದರೆ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದರು. ಕೆಲಸ ತಪ್ಪಿಸಿಕೊಳ್ಳುವವನು ಮೈಗಳ್ಳನಾದರೆ ಒಗೆತ ತಪ್ಪಿಸುವವರು ಒಗೆಗಳ್ಳ ಅಂದೆ. ಮಕ್ಕಳು ಅಂದೇ ಹಿಡಿದುಕೊಂಡರು. ಮನೆಯವರು ಹೋಗಿ ಎಷ್ಟೋ ವರ್ಷವಾದರೂ ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಮಾತು.

ಅಂದಹಾಗೆ, ಉಣ್ಣೆಯ ಸ್ವೆಟರನ್ನು ತಿರುಚಿ ಹಿಂಡಿ ಹಗ್ಗಕ್ಕೆ ನೇತುಹಾಕುವವರನ್ನು ಕಂಡರೆ ನನಗೆ ಆಗುವುದೇ ಇಲ್ಲ. ನೀರಿನ ಭಾರಕ್ಕೆ ಜೋತುಬಿದ್ದು ತೋಳು ಮಂಡಿಗೆ ಬರುತ್ತದೆ. ದಪ್ಪ ಟವೆಲಿನಲ್ಲಿ ಸುತ್ತಿ, ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹರಡಬೇಕು. ಬಿಸಿನೀರಂತೂ ಬೇಡವೇ ಬೇಡ, ಮಗುವಿನ ಅಳತೆಗೆ ಕುಗ್ಗಿಬಿಡುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪದವನ್ನು ಹಿಂಡಿ ಒಣಗಿಸುವುದು ಅಂತ ನಾನು ಕರೆಯುತ್ತೇನೆ, ಇದನ್ನು ಬಿಟ್ಟು ಬೇರೆ ದಾರಿ ನನಗೆ ಗೊತ್ತಿಲ್ಲ. ವಿಷಯವನ್ನು ಒಂದು ಪೂರ್ತಿ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ. ನನ್ನ ಮಗಳು ಚಿಕ್ಕವಳಿದ್ದಾಗ ಮೆಚ್ಚಿನ ಲಂಗ ಒಣಗುವವರೆಗೂ ಹಗ್ಗದ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದಳು. ಇದೇ ವಾಕ್ಯ. ಅದರಲ್ಲಿ ನೀರು ಎಷ್ಟಿದೆ ನೋಡಿ, ಹಿಂಡಿ. ಉಳಿದದ್ದು ಹಗ್ಗ ಮತ್ತು ಕಾವಲು. ಇವೆರಡನ್ನೂ ಹಾಗೇ ಪಕ್ಕಪಕ್ಕ ಇಟ್ಟರೆ ಒಂದಾಗುವುದಿಲ್ಲ, ಹೊಲಿಗೆ ಹಾಕಬೇಕು. ಕನ್ನಡದಲ್ಲಿ ಎಷ್ಟೋ ಸಲ ಎರಡನೆಯ ಪದದ ಮೊದಲಲ್ಲಿರುವ ಕ, ತ, ಪ ಮೆತ್ತಗಾಗಿ ಗ, ದ, ಬ ಆಗುತ್ತವೆ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಶಾಲೆಯಲ್ಲಿ ಆದೇಶಸಂಧಿ ಅಂತ ಬಾಯಿಪಾಠ ಮಾಡಿದ್ದು ಪರೀಕ್ಷೆಗೆ ಮಾತ್ರ ಅಂದುಕೊಂಡಿರಾ? ಹೊಸ ಬಟ್ಟೆ ನಾಲ್ಕು ಒಗೆತ ಕಂಡ ಮೇಲೆ ಮೈಗೆ ಹೊಂದುವ ಹಾಗೆ ಪದಕ್ಕೂ ಈ ಮೆತ್ತಗಾಗುವುದು ಬೇಕು. ಹಾಗೆ ಮಾಡಿದರೆ ಹಗ್ಗಗಾವಲು ಆಯಿತು. ಹೇಳಿ ನೋಡಿ, ಮೂರು ಗಕಾರ ಒಂದರ ಹಿಂದೊಂದು, ನಾಲಿಗೆ ತೊಡರುತ್ತದೆ.

ಅಲ್ಲಿಗೇ ಬಿಡಬಾರದು, ಮತ್ತೆ ಹಿಂಡಬೇಕು. ಮಗಳು ಕಾಯುತ್ತಿದ್ದದ್ದು ಹಗ್ಗವನ್ನಲ್ಲವಲ್ಲ, ಒಣಗುವುದನ್ನು. ಒಣ, ಕಾವಲು: ಒಣಗಾವಲು. ನೋಡಿ, ಒಣಗು ಅನ್ನುವ ಮಾತೂ ಅದರೊಳಗೆ ತಾನಾಗಿ ಬಂದು ಕೂತಿತು! ಅದು ಸಿಕ್ಕ ದಿನ ನಾನು ಬಟ್ಟೆ ಮಡಿಸುವುದನ್ನೇ ಬಿಟ್ಟು ನಿಂತುಬಿಟ್ಟಿದ್ದೆ.

ಆದರೂ ತಕ್ಷಣ ಎಲ್ಲರಿಗೂ ಹೇಳಿಕೊಂಡು ಓಡಬೇಡಿ. ಒಣಗಿಸುವುದು ಇನ್ನೂ ಬಾಕಿ ಇದೆ. ವಿಭಕ್ತಿ ತೊಡಿಸಿ: ಒಣಗಾವಲಿಗೆ ಕೂತಳು, ಒಣಗಾವಲನ್ನು ಬಿಡಲಿಲ್ಲ, ಒಣಗಾವಲಿನಲ್ಲೇ ನಿದ್ದೆ ಹೋದಳು. ಎಲ್ಲೂ ಬಿಗಿಯಲಿಲ್ಲ ತಾನೇ? ಆಮೇಲೆ ಬೈಗುಳಕ್ಕೆ ಒಡ್ಡಿ. "ಒಣಗಾವಲು ಗಿಣಗಾವಲು ಎಲ್ಲ ಸಾಕು, ಒಳಗೆ ಬಾ!" ಮನೆಯಲ್ಲಿ ಬಳಸುವ ಮಾತು ಬೈಯುವಾಗಲೂ ಬಾಯಿಗೆ ಬರಬೇಕು. ನಂತರ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎದ್ದಾಗ ನಿಮಗೇ ನೆನಪಿಲ್ಲದಿದ್ದರೆ ಆ ಪದ ಹೋದದ್ದೇ ಒಳ್ಳೆಯದು. ನೆನಪಿದ್ದರೆ, ಅದನ್ನು ಕೇಳಿರದ ಒಬ್ಬರ ಮುಂದೆ ಸುಮ್ಮನೆ ಮಾತಿನ ನಡುವೆ ಹೇಳಿ. ಅರ್ಥ ಬಿಡಿಸಿ ಹೇಳಬೇಕಾಗಿ ಬಂದರೆ ಇನ್ನೂ ಹಸಿ ಅಂತಲೇ ಲೆಕ್ಕ. ಈ ಹಂತವನ್ನು ಯಾರೂ ಮಾಡುವುದಿಲ್ಲ. ಪುರುಸೊತ್ತಿಲ್ಲವಂತೆ. ಹಸಿ ಬಟ್ಟೆ ಮಡಿಸಿಟ್ಟರೆ ಮುಗ್ಗಲು ವಾಸನೆ ಬರುವುದಿಲ್ಲವೇ?

ಕೈಗೂಸು ಅನ್ನುವ ಮಾತು ಗೊತ್ತಿರಬೇಕಲ್ಲ, ಅದರ ಜಾಡಿನಲ್ಲೇ ಅಂಗಿ ಬಿಡದ ಮಗುವನ್ನು ಅಂಗಿಗೂಸು ಅನ್ನಬಹುದು. ಸದಾ ಮೈಮೇಲೇ ಇರುವ ಬಟ್ಟೆ ಮೈಗೂಸು. ಅದು ಹರಿದ ದಿನದ ಸಂಕಟ ಅಂಗಿಗೊರಗು. ಇನ್ನುಳಿದದ್ದು ನೀವೇ ಮಾಡಿಕೊಳ್ಳಿ.

ಸಂಸ್ಕೃತದ ಪದವನ್ನೂ ಕನ್ನಡದ ಪದವನ್ನೂ ಬೆಸೆಯಬಹುದೇ ಅಂತ ಮೊಮ್ಮಗಳು ಕೇಳಿದಳು. ಕನ್ನಡಕ್ಕೆ ವ್ಯಾಕರಣ ಬರೆದ 13ನೇ ಶತಮಾನದ ಕೇಶಿರಾಜ ಅದನ್ನು ಅರಿಸಮಾಸ ಅಂತ ದೂರವಿಟ್ಟ. ಅರಿ ಅಂದರೆ ಶತ್ರು. ಆದರೆ ನಾನು ಮೇಲೆ ಹೇಳಿದ ಮಳೆಗಾಲವೂ ಅಂಥದ್ದೇ, ಕಾಲ ಸಂಸ್ಕೃತದ್ದು, ಇಂದು ಯಾರಿಗೂ ಅದರ ಹೊಲಿಗೆ ಕಾಣುವುದಿಲ್ಲ. ನನ್ನ ಲೆಕ್ಕ ತೇಪೆಯ ಲೆಕ್ಕ. ಹಳೇ ಬಟ್ಟೆಗೆ ಹೊಸ ತುಂಡನ್ನು ಒಗೆಯದೆ ಹಾಕಿದರೆ ಅದು ಮುಂದಿನ ಒಗೆತದಲ್ಲಿ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಎಳೆಯುತ್ತದೆ. ಮೊದಲು ಒಗೆದು, ಮೂಲೆಗಳನ್ನು ದುಂಡಗೆ ಕತ್ತರಿಸಿ ಹಾಕಬೇಕು, ಚೂಪು ಮೂಲೆ ಬೇಗ ಏಳುತ್ತದೆ. ಕಾಲದ ಹಾಗೆ ಮನೆಮಂದಿಯ ಬಾಯಲ್ಲಿ ಸಾಕಷ್ಟು ಒಗೆಸಿಕೊಂಡ ಸಂಸ್ಕೃತದ ಪದವಾದರೆ ಧಾರಾಳವಾಗಿ ಹಾಕಿ. ವ್ಯಾಮೋಹಾತಿರೇಕ ಬೇಡ.

ನನಗೆ ತುಂಬಾ ದಿನ ಸತಾಯಿಸಿದ್ದು ಅಮ್ಮನ ಸೀರೆಯ ಪದ. ಅವರು ಹೋದ ಮೇಲೂ ಆ ಸೆರಗಿನಲ್ಲಿ ಅವರ ವಾಸನೆ ಉಳಿದಿತ್ತು. ಸೆರಗು, ಕಂಪು ಸೇರಿಸಿ ಸೆರಗುಗಂಪು ಅಂದುನೋಡಿದೆ, ತೊಡರಿತು. ವರ್ಷಗಟ್ಟಲೆ ಹಾಗೇ ಬಿಟ್ಟಿದ್ದೆ. ಒಂದು ಮಧ್ಯಾಹ್ನ ಮಡಿಕೆ ಬದಲಿಸುವಾಗ ನಡುವಿನ ಗು ತಾನಾಗಿ ಜಾರಿತು: ಸೆರಗಂಪು. ಅಂಥ ಸೀರೆ ನಿಮ್ಮಲ್ಲೂ ಇದ್ದರೆ ಒಗೆಯಬೇಡಿ. ಆಗಾಗ ತೆಗೆದು ನೆರಳಿನಲ್ಲಿ ಸ್ವಲ್ಪ ಹೊತ್ತು ಗಾಳಿಗೆ ಹರಡಿ, ಹಳೇ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆ ಮಡಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆಯನ್ನು ಮಾತ್ರ ಅದರ ಹತ್ತಿರಕ್ಕೂ ತರಬೇಡಿ, ಸೆರಗಂಪು ಹೋಗಿಬಿಡುತ್ತದೆ.