ಟ್ರಾನ್ಸ್ ಸೆಟ್: ಕಿಕ್ ಬೀಳುವ ಮುಂಚಿನ ಹೊತ್ತು

ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತದಲ್ಲಿ ಹಾಡಿನ ಜೀವ ಇರುವುದು ಬ್ರೇಕ್‌ಡೌನ್‌ನಲ್ಲಿ. ಕಿಕ್ (ಪ್ರತಿ ಬೀಟಿಗೆ ಬೀಳುವ ಡ್ರಮ್ಮಿನ ಗುದ್ದು), ಬೇಸ್ (ಕೆಳಗಿನ ದಪ್ಪ ಸದ್ದು) ಎರಡೂ ನಿಂತು ಒಂದು, ಒಂದೂವರೆ ನಿಮಿಷ ಮೆಲೊಡಿ ಮಾತ್ರ ಉಳಿಯುತ್ತದೆ. ಆಮೇಲೆ ಸ್ನೇರ್ ಡ್ರಮ್ಮಿನ ಬಿಡದ ಹೊಡೆತ (ರೋಲ್) ಏರಿ ಕಿಕ್ ಮತ್ತೆ ಬೀಳುತ್ತದೆ. 1990ರ ದಶಕದ ಆರಂಭದಲ್ಲಿ ಜರ್ಮನಿಯ ಕ್ಲಬ್ಬುಗಳಲ್ಲಿ ಬೆಳೆದ ಈ ಸಂಗೀತ ತೀರ್ಥಹಳ್ಳಿ, ಸಾಗರದ ಕಡೆಯ ಹೋಮ್‌ಸ್ಟೇ ಅಂಗಳದಲ್ಲಿ ಇವತ್ತಿಗೂ ಜನರನ್ನು ಹಿಡಿದು ನಿಲ್ಲಿಸುವುದು ಹೀಗೆ ಕಾಯಿಸಿಯೇ. ಬಣ್ಣದ ವೇಷವನ್ನು ತೆರೆಯ ಹಿಂದೆ ತಡೆದು ತಡೆದು ತೋರಿಸುತ್ತಾ ಚಂಡೆ ಏರಿಸುವ ಯಕ್ಷಗಾನ ನೋಡಿ ಬೆಳೆದ ಊರುಗಳಿವು. ಇಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಡಿಜೆ ಆಗಿ ನಾನು ಬ್ರೇಕ್‌ಡೌನ್ ಮೇಲೆ ಬೇರೆ ಹಾಡು ಹೇರುವುದಿಲ್ಲ. ಮಿಕ್ಸ್ ಏನಿದ್ದರೂ ಒಂದರ ಔಟ್ರೋ (ಕೊನೆಯ ಭಾಗ), ಇನ್ನೊಂದರ ಇಂಟ್ರೋ (ಶುರುವಿನ ಭಾಗ) ನಡುವೆ. 138 ಬಿಪಿಎಂನಲ್ಲಿ (ನಿಮಿಷಕ್ಕೆ 138 ಬೀಟು) 32 ಬಾರ್ (ಒಂದು ಬಾರಿಗೆ ನಾಲ್ಕು ಬೀಟು) ಅಂದರೆ ಸುಮಾರು 56 ಸೆಕೆಂಡು. ಹೊಸ ಹಾಡಿನ ಲೋ (ಮಿಕ್ಸರಿನ ಬೇಸ್ ಗುಂಡಿ) ಪೂರ್ತಿ ಇಳಿಸಿ, ಫ್ರೇಸ್‌ನ (ಹಾಡಿನ ಒಂದು ಖಂಡದ) ಮೊದಲ ಬೀಟಿಗೆ ಬಿಡುತ್ತೇನೆ. 16 ಬಾರ್ ಕಳೆದ ಮೇಲೆ ಒಂದೇ ಬೀಟಿನಲ್ಲಿ ಹಳೆಯದರ ಬೇಸ್ ತೆಗೆದು ಹೊಸದರದ್ದು ಕೊಡುತ್ತೇನೆ. ಎರಡು ಬೇಸ್ ಒಟ್ಟಿಗೆ ಓಡಿದರೆ ಕಿಕ್ ಮಂಕಾಗುತ್ತದೆ. 8 ಬಾರ್ ತಡವಾಗಿ ಬಿಟ್ಟರೆ ಹಳೆಯ ಹಾಡು ಮುಗಿದು ಹೊಸದು ಇನ್ನೂ ಬರಿಯ ತಾಳದಲ್ಲೇ ಇರುತ್ತದೆ, ಕುಣಿಯುವವರ ಕಾಲು ಅಲ್ಲೇ ತಣ್ಣಗಾಗುತ್ತದೆ.

ಮೆಲೊಡಿಯೇ ಮುಖ್ಯವಾದ್ದರಿಂದ ಶ್ರುತಿ ತಪ್ಪಿದರೆ ತಕ್ಷಣ ಕಿವಿಗೆ ಚುಚ್ಚುತ್ತದೆ. ಹೊಂದುವ ಶ್ರುತಿಗಳನ್ನು ಅಕ್ಕಪಕ್ಕ ಇಟ್ಟು ಸಂಖ್ಯೆ ಕೊಟ್ಟ ಕ್ಯಾಮೆಲಾಟ್ ಚಕ್ರದಲ್ಲಿ ಎ ಮೈನರ್ ಶ್ರುತಿ 8ಎ. ಅದರಿಂದ 7ಎ, 9ಎ ಅಥವಾ 8ಬಿಗೆ ಹೋಗಬಹುದು. ಮಾಸ್ಟರ್ ಟೆಂಪೋ (ವೇಗ ಬದಲಾದರೂ ಶ್ರುತಿ ಹಿಡಿದಿಡುವ ಗುಂಡಿ) ಆಫ್ ಇದ್ದು ವೇಗ 6% ಏರಿಸಿದರೆ ಶ್ರುತಿಯೂ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ, ಚಕ್ರದ ಲೆಕ್ಕ ಕೈಕೊಡುತ್ತದೆ. 2% ಒಳಗಿದ್ದರೆ ಚಿಂತೆಯಿಲ್ಲ.

ದೊಡ್ಡ ಬ್ರೇಕ್‌ಡೌನ್ ಇರುವ ಎರಡು ಹಾಡು ಬೆನ್ನುಬೆನ್ನಿಗೆ ಬೇಡವೇ ಬೇಡ. ನಡುವೆ ಬೇಸ್‌ಲೈನ್ ಓಡುವ ಎರಡು ಮೂರು ಸರಳ ಹಾಡುಗಳಿರಲಿ. 132ಕ್ಕೆ ಶುರುಮಾಡಿ ಎರಡು ಗಂಟೆಯಲ್ಲಿ 138ಕ್ಕೆ ಏರುವುದು ನನಗೆ ಹಿಡಿಸಿದ ಲೆಕ್ಕ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿರುವುದರಿಂದ ಕೊನೆಯ ದೊಡ್ಡ ಹಾಡು ಒಂಬತ್ತೂವರೆಗೇ ಬರಬೇಕು.

ಅಡಿಕೆ ಅಂಗಳದ ತಗಡಿನ ಶೀಟು ಬೇಸಿಗೆ ಗಡಗಡ ಅನ್ನುತ್ತದೆ, ಸಡಿಲವಾದ ಬೋಲ್ಟ್ ಮೊದಲೇ ಬಿಗಿಸಬೇಕು. ಎರಡು ಸಬ್ (ಬೇಸ್‌ಗೆಂದೇ ಇರುವ ಸ್ಪೀಕರ್) ಇದ್ದರೆ ಎರಡು ಮೂಲೆಗೆ ಬೇಡ, ನಡುವೆ ಅಕ್ಕಪಕ್ಕ ಇಟ್ಟರೆ ಬೇಸ್ ಎಲ್ಲ ಕಡೆ ಸಮನಾಗಿ ಸಿಗುತ್ತದೆ. ಎದುರಿಗೆ 170 ಮೀಟರ್ ದೂರದಲ್ಲಿ ಗುಡ್ಡವಿದ್ದರೆ ಸದ್ದು ಸುಮಾರು ಒಂದು ಸೆಕೆಂಡಿಗೆ ವಾಪಸ್ ಬರುತ್ತದೆ. ಬ್ರೇಕ್‌ಡೌನ್‌ನ ನಿಶ್ಶಬ್ದದಲ್ಲಿ ಅದು ಎದ್ದು ಕೇಳುವುದರಿಂದ ಸ್ಪೀಕರಿನ ಮುಖ ಗುಡ್ಡಕ್ಕಿಂತ ತೋಟದ ಕಡೆಗಿರಲಿ.

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಖಂಡಿತ. ಪ್ಲೇಯರ್, ಮಿಕ್ಸರ್ ಯುಪಿಎಸ್ ಮೇಲಿದ್ದರೂ ಆಂಪ್ಲಿಫೈಯರ್ ಜನರೇಟರ್ ಹತ್ತುವವರೆಗೆ ಸುಮ್ಮನಿರುತ್ತದೆ. ಅದಕ್ಕೇ ಪ್ರತಿ ಹಾಡಿನಲ್ಲೂ ಬ್ರೇಕ್‌ಡೌನ್‌ಗೆ 32 ಬಾರ್ ಮುಂಚೆ ಒಂದು ಹಾಟ್ ಕ್ಯೂ (ಗುಂಡಿ ಒತ್ತಿದ ಕೂಡಲೇ ಹಾಡು ಅಲ್ಲಿಗೆ ಹಾರುವ ಗುರುತು) ಇಟ್ಟಿರುತ್ತೇನೆ. ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಮೆಲೊಡಿಯ ನಡುವಿನಿಂದ ಹಿಡಿದರೆ ಆಮೇಲೆ ಬೀಳುವ ಕಿಕ್‌ಗೆ ತೂಕ ಇರುವುದಿಲ್ಲ.