ಮೊಣಕೈ ಆಪರೇಷನ್ ಆದ ಮೇಲಿನ ಮೂರು ತಿಂಗಳು

ಮೊಣಕೈ ಮುರಿದು ಆಪರೇಷನ್ ಮಾಡಿಸಿಕೊಂಡವರು ಮೂಳೆ ಸರಿಯಾಗಿ ಕೂಡಿಕೊಳ್ಳುತ್ತದೋ ಇಲ್ಲವೋ ಎಂಬ ಚಿಂತೆಯನ್ನು ಹೊತ್ತು ಮನೆಗೆ ಬರುತ್ತಾರೆ. ಪ್ಲೇಟು, ಸ್ಕ್ರೂ ಅಥವಾ ತಂತಿ ಹಾಕಿ ಬಿಗಿದ ಮೂಳೆ ಬಹುತೇಕ ಜನರಲ್ಲಿ 6ರಿಂದ 12 ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಕಾಡುವುದು ಕೀಲಿನ ಬಿಗಿತ. ತೋಳಿನ ಒಂದು ಮೂಳೆ ಮತ್ತು ಮುಂಗೈಯ ಎರಡು ಮೂಳೆಗಳು ಇಕ್ಕಟ್ಟಾದ ಒಂದೇ ಜಾಗದಲ್ಲಿ ಸೇರುವ ಈ ಕೀಲು, ಮೂರು ವಾರಕ್ಕಿಂತ ಹೆಚ್ಚು ಕಾಲ ಅಲುಗಾಡದೆ ಉಳಿದರೆ ಬೇಗನೆ ಬಿಗಿದುಕೊಳ್ಳುತ್ತದೆ, ಆಮೇಲೆ ಅದನ್ನು ಸಡಿಲಿಸಲು ತಿಂಗಳುಗಳೇ ಬೇಕಾಗುತ್ತವೆ. ಮಳೆಯಲ್ಲಿ ಪಾದಚಾರಿ ಮಾರ್ಗದ ಅಲುಗಾಡುವ ಚಪ್ಪಡಿಯ ಮೇಲೆ ಕಾಲಿಟ್ಟು ಬಿದ್ದು, ಬಲ ಮೊಣಕೈಯ ಹಿಂಬದಿಯ ತುದಿಯನ್ನು ಮುರಿದುಕೊಂಡ ನಾನು, ಜೋಪಾನದ ಹೆಸರಿನಲ್ಲಿ ವೈದ್ಯರು ಅಲುಗಾಡಿಸಿ ಎಂದ ಮೇಲೂ ಹತ್ತು ದಿನ ಕೈಯನ್ನು ಎದೆಗೆ ಅವಚಿಕೊಂಡೇ ಕುಳಿತಿದ್ದೆ. ಆ ಹತ್ತು ದಿನಗಳ ಸಾಲವನ್ನು ತೀರಿಸಲು ಒಂದೂವರೆ ತಿಂಗಳು ಹಿಡಿಯಿತು.

ಮೊದಲ ಎರಡು ವಾರಗಳಲ್ಲಿ ಊತ ಇಳಿಸುವುದೇ ಮುಖ್ಯ ಕೆಲಸ. ಮಲಗುವಾಗ ಎರಡು ದಿಂಬುಗಳನ್ನು ಒಂದರ ಮೇಲೊಂದಿಟ್ಟು, ಕೈ ಎದೆಯ ಮಟ್ಟಕ್ಕಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ಉಂಗುರ, ಬಳೆಗಳನ್ನು ತೆಗೆದಿಟ್ಟು, ಎಚ್ಚರವಿರುವಾಗಲೆಲ್ಲ ಬೆರಳುಗಳನ್ನು ಮುಷ್ಟಿ ಮಾಡಿ ಬಿಡಿಸುತ್ತಿರಬೇಕು. ಸ್ಲಿಂಗಿನಲ್ಲೇ ಇಟ್ಟ ಭುಜವೂ ಬಿಗಿದುಕೊಳ್ಳುತ್ತದೆಯಾದ್ದರಿಂದ ಅದನ್ನೂ ಮರೆಯಬಾರದು. ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14ನೆಯ ದಿನದೊಳಗೆ ತೆಗೆಯುತ್ತಾರೆ. ಅಲ್ಲಿಯವರೆಗೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಬಕೆಟ್ಟಿನ ನೀರನ್ನು ಇನ್ನೊಂದು ಕೈಯಿಂದ ಚೊಂಬಿನಲ್ಲಿ ಹೊಯ್ದುಕೊಳ್ಳುವ ಸ್ನಾನವೇ ಸರಿ.

ಗಾಯದಿಂದ ಕೀವು ಸೋರಿದರೆ, ಜ್ವರ ಬಂದರೆ, ಬೆರಳುಗಳು ಬಿಳಿಚಿ ತಣ್ಣಗಾದರೆ, ಅಥವಾ ಬೆರಳು ನೀಡಿದಾಗ ಮಾತ್ರೆಗೂ ಬಗ್ಗದ ನೋವು ಎದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಉಂಗುರ ಬೆರಳು ಮತ್ತು ಕಿರುಬೆರಳಿನಲ್ಲಿ ಜೋಮು ಕಾಣಿಸಿಕೊಂಡರೆ ವೈದ್ಯರಿಗೆ ಹೇಳಿ. ಮೊಣಕೈ ತಗುಲಿದಾಗ ಕರೆಂಟು ಹೊಡೆದಂತಾಗುತ್ತದಲ್ಲ, ಆ ನರ ಹಾದುಹೋಗುವುದು ಇದೇ ಜಾಗದಲ್ಲಿ.

ವ್ಯಾಯಾಮವನ್ನು ಯಾವ ದಿನ ಆರಂಭಿಸಬೇಕು ಎಂಬುದನ್ನು ಮೂಳೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಕಣ್ಣಾರೆ ಕಂಡ ಸರ್ಜನ್ನರೇ ಹೇಳಬೇಕು. ಒಪ್ಪಿಗೆ ಸಿಕ್ಕಿದ ಮೇಲೆ ಮಾತ್ರ ಒಂದು ದಿನವನ್ನೂ ಕಳೆಯಬೇಡಿ. ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಅಂಗೈ ಊರಿ, ಮೇಜು ಒರೆಸುವಂತೆ ಟವೆಲನ್ನು ಮುಂದಕ್ಕೆ ಸರಿಸಿದರೆ ಕೈ ನೀಳವಾಗುತ್ತದೆ, ಹಿಂದಕ್ಕೆ ಎಳೆದರೆ ಮಡಚುತ್ತದೆ. ಎರಡನೆಯದಕ್ಕೆ ಅಂಗಾತ ಮಲಗಿ, ತೋಳನ್ನು ನೇರವಾಗಿ ಮೇಲಕ್ಕೆತ್ತಿ, ಇನ್ನೊಂದು ಕೈಯ ಆಸರೆಯಲ್ಲಿ ಮುಂಗೈಯನ್ನು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಹಣೆಯತ್ತ ಇಳಿಯಲು ಬಿಡಬೇಕು. ಮೂರನೆಯದನ್ನು ಜನ ಮರೆಯುವುದೇ ಹೆಚ್ಚು: ಮೊಣಕೈಯನ್ನು ಸೊಂಟಕ್ಕೆ ಅಂಟಿಸಿಕೊಂಡು, ತೀರ್ಥಕ್ಕೆ ಕೈ ಒಡ್ಡುವಂತೆ ಅಂಗೈಯನ್ನು ಮೇಲಕ್ಕೂ ಮತ್ತೆ ಕೆಳಕ್ಕೂ ತಿರುಗಿಸುವುದು. ಮೊಣಕೈ ಸೊಂಟ ಬಿಟ್ಟರೆ ಭುಜವೇ ಕೆಲಸ ಮಾಡಿ ನಮ್ಮನ್ನು ಏಮಾರಿಸುತ್ತದೆ. ಒಮ್ಮೆಗೆ ಹತ್ತರಂತೆ ದಿನಕ್ಕೆ ಐದಾರು ಬಾರಿ ಮಾಡುವುದು, ಸಂಜೆ ಒಂದೇ ಸಲ ಕೂತು ಒಂದು ಗಂಟೆ ಹಿಂಸೆಪಡುವುದಕ್ಕಿಂತ ಮೇಲು. ಮಾಡಿದ ಮೇಲಿನ ನೋವು ಸ್ವಲ್ಪ ಹೊತ್ತಿನಲ್ಲಿ ತಗ್ಗಿದರೆ ಸರಿ. ಮರುದಿನ ಬೆಳಗ್ಗೆಯೂ ಊದಿಕೊಂಡಿದ್ದರೆ ಹಿಂದಿನ ದಿನ ಅತಿಯಾಯಿತೆಂದು ತಿಳಿದು ಕಡಿಮೆ ಮಾಡಬೇಕು.

ನೋಡಲು ಬಂದ ನೆಂಟರಲ್ಲಿ ಒಬ್ಬರಾದರೂ ಎಣ್ಣೆ ಹಾಕಿ ನೀವಿಸಿ ಎಂದೋ, ಪುತ್ತೂರು ಕಟ್ಟು ಹಾಕಿಸಿ ಎಂದೋ ಹೇಳಿಯೇ ಹೇಳುತ್ತಾರೆ. ಬೆಂಗಳೂರಿನ ಬೀದಿಗಳಲ್ಲಿ ಆ ಬೋರ್ಡುಗಳಿಗೆ ಕೊರತೆಯಿಲ್ಲ. ಅವರ ಪ್ರೀತಿಗೆ ನಮಸ್ಕಾರ ಹೇಳಿ ಕೈಯನ್ನು ಮಾತ್ರ ಕೊಡಬೇಡಿ. ಪೆಟ್ಟು ತಿಂದ ಮೊಣಕೈಯನ್ನು ಬಲವಾಗಿ ನೀವಿ, ಜಗ್ಗಿ ಬಗ್ಗಿಸಿದರೆ ಸುತ್ತಲಿನ ಮಾಂಸಖಂಡದಲ್ಲಿ ಬೇಡದ ಮೂಳೆ ಬೆಳೆಯುವ ಅಪಾಯವಿದ್ದು, ಹಾಗಾದಾಗ ಇದ್ದಬದ್ದ ಚಲನೆಯೂ ನಿಂತುಹೋಗಬಹುದು. ಫಿಸಿಯೋಥೆರಪಿಸ್ಟ್ ಆದರೂ ಅಷ್ಟೇ: ಕೀಲನ್ನು ಜಗ್ಗಿ ಬಗ್ಗಿಸುವ ಆತುರ ತೋರಿದರೆ ನಿಲ್ಲಿಸಲು ಹೇಳುವ ಹಕ್ಕು ನಿಮಗಿದೆ.

ದಿನನಿತ್ಯದ ಬಹುಪಾಲು ಕೆಲಸಗಳಿಗೆ 30 ಡಿಗ್ರಿಯಿಂದ 130 ಡಿಗ್ರಿಯವರೆಗಿನ ಮಡಚುವಿಕೆ ಸಾಕು ಎಂಬುದು ಮೂಳೆ ವೈದ್ಯರು ಬಳಸುವ ಲೆಕ್ಕ. ಮನೆಯಲ್ಲಿ ಅಳೆಯಲು ಉಪಕರಣ ಬೇಕಿಲ್ಲ. ಹೆಬ್ಬೆರಳ ತುದಿಗೂ ಭುಜಕ್ಕೂ ನಡುವೆ ಎಷ್ಟು ಬೆರಳಗಲ ಉಳಿಯಿತು ಎಂದು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ. ನನಗೆ ಮೊದಲ ವಾರ ಹನ್ನೊಂದು ಬೆರಳಿತ್ತು. ಅದು ಐದಕ್ಕೆ ಇಳಿದ ದಿನ ಮುದ್ದೆಯ ತುತ್ತು, ತಲೆ ಬಗ್ಗಿಸದೆಯೇ ಬಾಯಿ ಮುಟ್ಟಿತು.

ಮೂಳೆ ಕೂಡಿತೆಂದು ಎಕ್ಸ್‌ರೇ ಹೇಳುವವರೆಗೆ ಆ ಕೈಯಲ್ಲಿ ಕಾಫಿ ಲೋಟಕ್ಕಿಂತ ಭಾರದ್ದನ್ನು ಎತ್ತಬಾರದು. ಹಿಂಬದಿಯ ತುದಿ ಮುರಿದವರು ಕುರ್ಚಿಯ ಕೈಗಳನ್ನು ಒತ್ತಿ ಏಳುವುದನ್ನು ಕಟ್ಟುನಿಟ್ಟಾಗಿ ಬಿಡಬೇಕು, ಏಕೆಂದರೆ ಹಾಗೆ ಒತ್ತಿದಾಗ ತೋಳಿನ ಹಿಂದಿನ ಸ್ನಾಯು ನೇರವಾಗಿ ಮುರಿದ ತುಂಡನ್ನೇ ಎಳೆಯುತ್ತದೆ. ಆಸ್ಪತ್ರೆಗೆ ಆಟೋದಲ್ಲಿ ಹೋಗುವುದಾದರೆ ಮಡಿಲಲ್ಲೊಂದು ದಿಂಬಿಟ್ಟುಕೊಂಡು ಅದರ ಮೇಲೆ ಕೈಯಿಡಿ. ಬಲಗೈಗೆ ಆಪರೇಷನ್ ಆಗಿದ್ದರೆ ಸೀಟಿನ ಎಡತುದಿಯಲ್ಲಿ ಕುಳಿತರೆ ಗಾಯದ ಕೈ ಒಳಬದಿಗೆ ಬರುತ್ತದೆ. ಕೆಲಸಕ್ಕೆ ಮರಳಿದ ಹೊಸದರಲ್ಲಿ ಹಳ್ಳ, ಹಂಪ್‌ಗಳ ಕಾಟವಿಲ್ಲದ ಮೆಟ್ರೊ ವಾಸಿ, ಅದೂ ಜನ ಕಡಿಮೆಯಿರುವ ಹೊತ್ತಿನಲ್ಲಿ. ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿಗೆ ಜೋತುಬಿದ್ದು ನಿಲ್ಲುವುದು, ಸ್ಕೂಟರ್ ಓಡಿಸುವುದು ವೈದ್ಯರ ಒಪ್ಪಿಗೆ ಸಿಗುವವರೆಗೆ ಬೇಡ.

ಊಟದಲ್ಲಿ ರಾಗಿ, ಹಾಲು, ಬೇಳೆ, ಮೊಟ್ಟೆ ಇದ್ದರೆ ಸಾಕು. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಸಕ್ಕರೆ ಕಾಯಿಲೆಯಿದ್ದವರು ಅದನ್ನು ಹತೋಟಿಯಲ್ಲಿಡದಿದ್ದರೆ ಗಾಯಕ್ಕೆ ಸೋಂಕು ತಗಲುವ ಸಂಭವ ಹೆಚ್ಚು.

ಮೂರು ತಿಂಗಳಾದ ಮೇಲೂ ಕೈ ಪೂರ್ತಿ ನೆಟ್ಟಗಾಗದೆ ಕೊನೆಯ ಕೆಲವು ಡಿಗ್ರಿ ಉಳಿದುಬಿಡುವುದು ಅಪರೂಪವಲ್ಲ, ಮತ್ತು ಅದರಿಂದ ಕೆಲಸವೇನೂ ನಿಲ್ಲುವುದಿಲ್ಲ. ಮೇಜಿನ ಮೇಲೆ ಮೊಣಕೈ ಊರಿದಾಗ ಒಳಗಿನ ತಂತಿ ಚುಚ್ಚಿದಂತಾದರೆ, ಮೂಳೆ ಗಟ್ಟಿಯಾದ ಮೇಲೆ ಅದನ್ನು ತೆಗೆಸಬಹುದು. ಅಲ್ಲಿಯವರೆಗೆ ನಾನು ಮೊಣಕೈ ಕೆಳಗೆ ಮಡಚಿದ ಕರವಸ್ತ್ರವಿಟ್ಟುಕೊಂಡೇ ಬರೆಯುತ್ತಿದ್ದೇನೆ.