ಮೊದಲು ಜುಟ್ಟು ನೋಡಿ

ಕೋಳಿ ಸಾಕಲು ಶುರು ಮಾಡಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ: ವರ್ಷಕ್ಕೆ ಎಷ್ಟು ಮೊಟ್ಟೆ? ಹಾಗಾಗಿ ಬಿಳಿ ಲೆಗ್‌ಹಾರ್ನ್ ತಳಿಯ ಕೋಳಿ ತಂದೆ. ತಿನ್ನುವುದು ಕಡಿಮೆ, ಇಡುವುದು ಜಾಸ್ತಿ. ಚಳಿಗಾಲ ಬರುವ ತನಕ ನಾನೇ ಜಾಣ ಅಂದುಕೊಂಡಿದ್ದೆ.

ಬಟ್ಟಲಿನ ನೀರು ಗಟ್ಟಿಯಾಗಿ ಹೆಪ್ಪುಗಟ್ಟಿದ ವಾರ, ಹುಂಜಗಳ ಜುಟ್ಟಿನ ತುದಿ ಬೆಳ್ಳಗೆ ಬಿಳಿಚಿಕೊಂಡಿತು. ಆಮೇಲೆ ಕಪ್ಪಾಯಿತು. ಕೆಲವು ವಾರ ಕಳೆದ ಮೇಲೆ ಒಣಗಿ ಉದುರಿತು. ಲೆಗ್‌ಹಾರ್ನ್ ಜುಟ್ಟು ದೊಡ್ಡದು, ತೆಳು, ಗರಗಸದ ಹಲ್ಲಿನ ಹಾಗೆ. ಕೋಳಿ ಬೆವರುವುದಿಲ್ಲ ಅಲ್ವಾ, ಸೆಕೆಯಲ್ಲಿ ಮೈಬಿಸಿ ಹೊರಹಾಕಲು ಅದಕ್ಕೆ ಜುಟ್ಟು ಬೇಕು. ಅದೇ ಜುಟ್ಟಿಗೆ ಚಳಿಯಲ್ಲಿ ಮೊದಲ ಪೆಟ್ಟು.

ತಪ್ಪು ಪೂರ್ತಿ ಕೋಳಿಯದಲ್ಲ. ಬೆಚ್ಚಗಿರಲಿ ಅಂತ ಗೂಡಿನ ಕಿಂಡಿಗಳನ್ನೆಲ್ಲ ನಾನೇ ಮುಚ್ಚಿದ್ದೆ. ಉಸಿರಿನ ತೇವ, ಹಿಕ್ಕೆಯ ತೇವ ಎಲ್ಲ ಒಳಗೇ ಉಳಿದು ಬೆಳಿಗ್ಗೆ ಮಾಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಣ ಚಳಿಯನ್ನು ಕೋಳಿ ತಡೆದುಕೊಳ್ಳುತ್ತದೆ, ಒದ್ದೆ ಚಳಿಯನ್ನಲ್ಲ. ಮುಂದಿನ ವರ್ಷ ಕೋಳಿ ಕೂರುವ ಮಟ್ಟಕ್ಕಿಂತ ಮೇಲೆ, ಮಾಡಿನ ಕೆಳಗೆ ಕಿಂಡಿ ಬಿಟ್ಟೆ. ಅವು ಕೂರುತ್ತಿದ್ದ ದುಂಡು ಗಳ ತೆಗೆದು ಹತ್ತು ಸೆಂಟಿಮೀಟರ್ ಅಗಲದ ಪಟ್ಟಿ ಹಾಕಿದೆ. ಕೋಳಿ ಅದರ ಮೇಲೆ ಕೂತರೆ ಕಾಲ್ಬೆರಳು ಪೂರ್ತಿ ಹೊಟ್ಟೆಯ ಗರಿಯೊಳಗೆ ಸೇರಿಕೊಳ್ಳುತ್ತದೆ.

ತಳಿ ಬದಲಿಸುವಾಗ ಮೊಟ್ಟೆಯ ಲೆಕ್ಕ ಬಿಟ್ಟು ತಲೆ ನೋಡಿದೆ. ಕೆನಡಾದ ಕ್ವಿಬೆಕ್‌ನಲ್ಲಿ ವಿಲ್‌ಫ್ರಿಡ್ ಶಾಟಲೈನ್ ಎಂಬ ಸನ್ಯಾಸಿ 1908ರಲ್ಲಿ ಇದೇ ಕೆಲಸ ಶುರು ಮಾಡಿದ್ದರು. ಐದು ತಳಿ ಬೆರೆಸಿ ಅವರು ಮಾಡಿದ ಶಾಂಟೆಕ್ಲೇರ್ ಕೋಳಿಗೆ ಜುಟ್ಟು ಒಂದು ಗುಬುಟು, ಗಲ್ಲದ ಕೆಳಗೆ ತೂಗುವ ತೊಗಲೂ ಇಲ್ಲವೆನ್ನುವಷ್ಟು ಚಿಕ್ಕದು. ಆಸೆಪಟ್ಟೆ, ಮರಿ ಸಿಗಲಿಲ್ಲ. ಬ್ರಹ್ಮ ತಳಿಯ ಕೋಳಿ ತಂದೆ. ಜುಟ್ಟು ಗಿಡ್ಡ, ಮೈ ಭಾರಿ, ಸ್ವಭಾವ ಸಾಧು. ಆದರೆ ಮೊದಲ ಮೊಟ್ಟೆಗೆ ಆರೇಳು ತಿಂಗಳು ಸುಮ್ನೆ ಮೇವು ಹಾಕಬೇಕು. ಕಾಲಿಗೆ ಗರಿ ಇರುವುದು ಚಳಿಗೆ ಒಳ್ಳೆಯದು ಅಂತ ನಾನೂ ನಂಬಿದ್ದೆ. ಹಿಮ ಕರಗಿ ಕೆಸರಾದಾಗ ಆ ಗರಿಗೆ ಉಂಡೆ ಕಟ್ಟಿಕೊಂಡಿತು. ಒಂದೊಂದನ್ನೂ ಹಿಡಿದು ಬಿಸಿನೀರಲ್ಲಿ ಕಾಲು ತೊಳೆಯುವ ಸೇವೆ ಮಾಡಿದ್ದೇನೆ.

ಕೊನೆಗೆ ನಿಂತದ್ದು ವಯಾಂಡಾಟ್ ತಳಿ. ಜುಟ್ಟು ತಲೆಗೆ ಅಂಟಿಕೊಂಡಿರುತ್ತದೆ, ಗರಿ ದಟ್ಟ, ಕಾಲು ಬೋಳು. ಮೊಟ್ಟೆ ಲೆಗ್‌ಹಾರ್ನ್‌ನಷ್ಟು ಇಡುವುದಿಲ್ಲ, ಆದರೆ ಮೈಯಲ್ಲಿ ಮಾಂಸ ಇದೆ. ಚಳಿಗಾಲದಲ್ಲಿ ಮೊಟ್ಟೆ ನಿಲ್ಲುವುದಕ್ಕೆ ಚಳಿಗಿಂತ ಬೆಳಕಿನ ಕೊರತೆಯೇ ದೊಡ್ಡ ಕಾರಣ. ಹೇಂಟೆಗೆ ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ನಾನು ಬೆಳಗಿನ ಜಾವ ಬಲ್ಬ್ ಹಾಕುತ್ತೇನೆ. ಸಂಜೆ ಹಾಕಿದರೆ, ಆರಿಸಿದ ಕೂಡಲೇ ಕತ್ತಲಲ್ಲಿ ಕೂರುವ ಜಾಗ ಸಿಗದೆ ಒದ್ದಾಡುತ್ತವೆ.

ಮಾಂಸದ ವಿಷಯದಲ್ಲಿ ಮೋಸ ಹೋಗಬೇಡಿ. ಬ್ರಾಯ್ಲರ್ ಆರೆಂಟು ವಾರಕ್ಕೆ ತಯಾರು. ವಯಾಂಡಾಟ್ ಹುಂಜಮರಿಗೆ ನಾಲ್ಕೈದು ತಿಂಗಳು ಬೇಕು, ಎದೆ ಕಿರಿದು. ಅವಸರದಲ್ಲಿ ಬೇಯಿಸಿದರೆ ರಬ್ಬರ್, ಸಣ್ಣ ಉರಿಯಲ್ಲಿ ಬಿಟ್ಟರೆ ರುಚಿಯೋ ರುಚಿ. ಮಾಂಸವೇ ಮುಖ್ಯ ಅನ್ನುವವರು ಚಳಿ ಇಲ್ಲದ ತಿಂಗಳುಗಳಲ್ಲಿ ಬ್ರಾಯ್ಲರ್ ಬೆಳೆಸಿ ಮುಗಿಸುವುದೇ ಸರಿ.

ಈಗ ಹೇಂಟೆಗಳಲ್ಲಿ ಅರ್ಧದಷ್ಟು ಆಸ್ಟ್ರಲಾರ್ಪ್ ತಳಿಯವು. ಅವುಗಳ ಜುಟ್ಟು ನೆಟ್ಟಗೆ ನಿಲ್ಲುತ್ತದೆ, ಆದರೆ ಹೇಂಟೆಗೆ ಅಷ್ಟೇನೂ ದೊಡ್ಡದಲ್ಲ. ಹುಂಜ ಮಾತ್ರ ವಯಾಂಡಾಟ್. ಗಿಡ್ಡ ಜುಟ್ಟಿನ ಗುಣ ಮೇಲುಗೈ ಪಡೆಯುವುದರಿಂದ ಅನೇಕ ಮರಿಗಳಿಗೂ ಅದೇ ಬರುತ್ತದೆ. ತಂದೆ ತಾಯಿ ಎರಡೂ ಕಡೆಯಿಂದ ಆ ಗುಣ ಪಡೆದ ಹುಂಜ ಕೂಡಿದ ಹೇಂಟೆಗಳ ಮೊಟ್ಟೆಗಳು ಸ್ವಲ್ಪ ಕಡಿಮೆ ಫಲಿಸುತ್ತವೆ. ಅದಕ್ಕೆ ನನ್ನ ಹುಂಜ ಅಪ್ಪಟ ಅಲ್ಲ, ಆಗಾಗ ನೆಟ್ಟಗೆ ಜುಟ್ಟಿನ ಮರಿಯೂ ಹುಟ್ಟುತ್ತದೆ. ಅದು ಹುಂಜವಾದರೆ, ಚಳಿ ಶುರುವಾಗುವ ಮೊದಲೇ ಅಡುಗೆಮನೆಗೆ.